ಉಪಗ್ರಹ ಬೀಳುವುದಿಲ್ಲವೇ? ಗುರುತ್ವಾಕರ್ಷಣೆಯೇ ಸುಳ್ಳೇ?

‘ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ಉಪಗ್ರಹ ಬೀಳುವುದಿಲ್ಲ.’ ‘ಗುರುತ್ವಾಕರ್ಷಣೆಯೇ ಇಲ್ಲ, ನ್ಯೂಟನ್ ಹೇಳಿದ್ದು ಸುಳ್ಳು ಎಂದು ಐನ್‌ಸ್ಟೈನ್ ಸಾಬೀತು ಮಾಡಿದ್ದಾರೆ.’ ಇಂಥ ಸಂದೇಶಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಎರಡನ್ನೂ ಪರಿಶೀಲಿಸೋಣ.

ನರಗುಂದದ ಗುಡ್ಡದ ಮೇಲೋ ಗಜೇಂದ್ರಗಡದ ಕೋಟೆಯ ಮೇಲೋ ನಿಂತಿದ್ದೇವೆ ಎಂದುಕೊಳ್ಳಿ. ಕೈಯಲ್ಲಿರುವ ಕಲ್ಲನ್ನು ಬಿಟ್ಟರೆ ಅದು ನೇರ ಕೆಳಗೆ ಬೀಳುತ್ತದೆ. ಅದರ ವೇಗ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರ್‌ನಷ್ಟು ಹೆಚ್ಚುತ್ತದೆ. ಇದೇ ವೇಗೋತ್ಕರ್ಷ. ಕಲ್ಲನ್ನು ಅಡ್ಡಲಾಗಿ ಎಸೆದರೆ ಸ್ವಲ್ಪ ದೂರದ ಹೊಲದಲ್ಲಿ ಬೀಳುತ್ತದೆ. ಜೋರಾಗಿ ಎಸೆದಷ್ಟೂ ದೂರ ಹೋಗುತ್ತದೆ. ಗಾಳಿಯ ತಡೆ ಇಲ್ಲದೆ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ ಎಸೆಯಲು ಸಾಧ್ಯವಾದರೆ? ಕಲ್ಲು ಎಷ್ಟು ಬೀಳುತ್ತದೋ ಅಷ್ಟೇ ನೆಲವೂ ಬಾಗಿರುತ್ತದೆ. ಕಲ್ಲು ಬೀಳುತ್ತಲೇ ಇರುತ್ತದೆ, ಆದರೆ ನೆಲ ಮುಟ್ಟುವುದಿಲ್ಲ. ಬೆಟ್ಟದ ತುದಿಯ ಫಿರಂಗಿಯ ಉದಾಹರಣೆ ಕೊಟ್ಟು ನ್ಯೂಟನ್ ವಿವರಿಸಿದ್ದು ಇದನ್ನೇ.

ರೋಣದ ರೈತರು ಹೆಸರು ಬಿತ್ತುವ ಮುನ್ನ ಕೇಳುವ ಮಳೆ ಮುನ್ಸೂಚನೆಗೆ ಇನ್ಸಾಟ್-3ಡಿಎಸ್‌ನಂಥ ಉಪಗ್ರಹಗಳ ಚಿತ್ರಗಳು ನೆರವಾಗುತ್ತವೆ. 2024ರ ಫೆಬ್ರವರಿಯಲ್ಲಿ ಹಾರಿದ ಈ ಉಪಗ್ರಹವನ್ನು ಇಸ್ರೊದ ಹಾಸನ ಕೇಂದ್ರ ನಿಯಂತ್ರಿಸುತ್ತದೆ. ಅದಿರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿಯೂ ಗುರುತ್ವಾಕರ್ಷಣೆ ಇದೆ, ನೆಲದ ಮೇಲಿರುವುದರ ಸುಮಾರು 44ರಲ್ಲಿ ಒಂದು ಪಾಲಿನಷ್ಟು. ಉಪಗ್ರಹ ಒಂದು ಸೆಕೆಂಡಿನಲ್ಲಿ ನೇರ ದಾರಿಯಿಂದ ಸುಮಾರು 11 ಸೆಂ.ಮೀ. ಭೂಮಿಯತ್ತ ಬೀಳುತ್ತದೆ. ವೇಗ ಹೆಚ್ಚುಕಡಿಮೆ ಅಷ್ಟೇ ಇದ್ದರೂ ದಿಕ್ಕು ಬದಲಾಗುತ್ತಿರುವುದರಿಂದ ಅದೂ ವೇಗೋತ್ಕರ್ಷವೇ.

ಹಾಗಾದರೆ ಐನ್‌ಸ್ಟೈನ್ ಹೇಳಿದ್ದೇನು? ಉತ್ತರ ನಿಮ್ಮ ಫೋನಿನಲ್ಲೇ ಇದೆ. ಫೋನ್ ಅಡ್ಡ ಹಿಡಿದರೆ ಪರದೆ ತಿರುಗುವುದು ಆಕ್ಸೆಲೆರೊಮೀಟರ್ ಎಂಬ ಸಂವೇದಕದಿಂದ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಫೋನಿನಲ್ಲಿ ಅದು 9.8 ತೋರಿಸುತ್ತದೆ. ಅದೇ ಫೋನ್ ಬೀಳುತ್ತಿರುವಾಗ ಹೆಚ್ಚುಕಡಿಮೆ ಸೊನ್ನೆ! (ಪರೀಕ್ಷಿಸುವುದಾದರೆ ದಪ್ಪ ಹಾಸಿಗೆಯ ಮೇಲೆ, ಒಂದಡಿ ಎತ್ತರದಿಂದ ಮಾತ್ರ.) ಬೀಳುವವನಿಗೆ ತನ್ನ ಭಾರವೇ ತಿಳಿಯುವುದಿಲ್ಲ ಎಂಬುದು 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆಯಿತು. 1915ರ ಅವರ ಸಿದ್ಧಾಂತದಂತೆ ಭೂಮಿ ತನ್ನ ಸುತ್ತಲಿನ ದೇಶ-ಕಾಲವನ್ನೇ ಬಾಗಿಸುತ್ತದೆ. ಕಲ್ಲು, ಉಪಗ್ರಹ ಎರಡೂ ಅದರಲ್ಲಿ ತಮಗೆ ಸಿಗುವ ಅತಿ ನೇರ ದಾರಿಯಲ್ಲಿ ಸಾಗುತ್ತವೆ. ಅವುಗಳಿಗೆ ವೇಗೋತ್ಕರ್ಷದ ಅನುಭವವಿಲ್ಲ. ನೆಲ ಮೇಲಕ್ಕೆ ಒತ್ತುತ್ತಿರುವುದು ಗುಡ್ಡದ ಮೇಲೆ ನಿಂತ ನಮ್ಮನ್ನು.

ನ್ಯೂಟನ್ ಲೆಕ್ಕ ನೆಲದಿಂದ ನೋಡಿದ್ದು. ಐನ್‌ಸ್ಟೈನ್ ಕೇಳಿದ್ದು ಬೀಳುವ ವಸ್ತುವಿನ ಅನುಭವ. ಕಲ್ಲು ಎಲ್ಲಿ, ಯಾವಾಗ ಬೀಳುತ್ತದೆ ಎಂಬುದಕ್ಕೆ ಇಬ್ಬರ ಉತ್ತರವೂ ಹೆಚ್ಚುಕಡಿಮೆ ಒಂದೇ. ಸೂಕ್ಷ್ಮ ವ್ಯತ್ಯಾಸ ಕಾಣುವುದು ಗಡಿಯಾರಗಳಲ್ಲಿ. ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಅಷ್ಟರಲ್ಲಿ ಬೆಳಕು 11 ಕಿ.ಮೀ. ದಾಟುತ್ತದೆ! ಐನ್‌ಸ್ಟೈನ್ ಸೂತ್ರದಿಂದ ಇದನ್ನು ಸರಿಪಡಿಸಿರುವುದರಿಂದಲೇ ಮ್ಯಾಪ್ ನಿಮಗೆ ಸರಿಯಾದ ದಾರಿ ತೋರಿಸುತ್ತಿದೆ.

ನಮ್ಮ ತೀರ್ಮಾನ: ಮೊದಲ ಸಂದೇಶ ತಪ್ಪು. ಎರಡನೆಯದು ಅರ್ಧ ಸತ್ಯದಿಂದ ದಾರಿ ತಪ್ಪಿಸುವಂಥದ್ದು. ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಈ ಫೋನಿನ ಪ್ರಯೋಗ ಹೇಳಿ.