ಪ್ರಯೋಗಕ್ಕ ಅವ್ವನ ಫೋನೇ ಸಿಕ್ತೇನು?

ನಿಮ್ಮ ನಿಮ್ಮ ಮನ್ಯಾಗ ಒಮ್ಮೆ ನೋಡ್ರಿ, ಎಲ್ಲಾರಕಿಂತ ಹಳೇ ಫೋನ್ ಯಾರ ಕೈಯಾಗ ಅದ ಅಂತ. ನಾನೇ ಹೇಳ್ತೀನಿ. ಅಡಗಿಮನಿ ಕಟ್ಟಿ ಮ್ಯಾಲೆ, ಒಗ್ಗರಣಿ ಡಬ್ಬಿ ಬಾಜೂಕ, ಮೂಲ್ಯಾಗ ಗ್ಲಾಸು ಸೀಳಿದ್ದು ಒಂದು ಇರ್ತದಲ್ಲ, ಅದು. ಮಗಾ ಹೊಸಾದು ತೊಗೊಂಡಾಗ ಅವನ ಹಳೇದು ಅಪ್ಪಗ, ಅಪ್ಪಂದು ಅವ್ವಗ. ಹಿಂಗ ಇಳಕೋತ ಇಳಕೋತ ಬಂದು ನಮ್ಮ ಹತ್ರ ನಿಲ್ಲತದ. ಅದಕ್ಕ ನಂದೇನೂ ತಕರಾರಿಲ್ರಿ. ಹಳೇದಾದರೇನು, ಕೆಲಸ ಮಾಡಿದ್ರ ಸಾಕು. ನನ್ನ ತಕರಾರು ಇರೋದು, "ಹೆಂಗೂ ಅವ್ವನ ಫೋನು, ಅದರಾಗೇನದ, ಬೀಟಾ ಹಾಕಿ ನೋಡೋಣು" ಅಂತಾರಲ್ಲ ಈ ಹುಡುಗೂರು, ಆ ಮಾತಿಗೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಬೀಟಾ ಅನ್ನೋದು ಗ್ರೀಕ್ ಭಾಷಾದ ಎರಡನೇ ಅಕ್ಷರ. ನಮ್ಮ ಫೋನ್ ನಡಸೋ ಮೂಲ ಸಾಫ್ಟ್‌ವೇರ್, ಅಂದ್ರ ಆಂಡ್ರಾಯ್ಡ್ ಇರಲಿ ಐಫೋನಿನ ಐಒಎಸ್ ಇರಲಿ, ವರ್ಷಕ್ಕೊಮ್ಮೆ ಹೊಸಾದು ಬರ್ತದ. ಅದು ಪೂರಾ ತಯಾರಾಗೋಕಿಂತ ಮೊದಲೇ ಮಂದಿ ಕೈಯಾಗ ಕೊಟ್ಟು, ಎಲ್ಲೆಲ್ಲೆ ಕೆಡ್ತದ ನೋಡಿ ಹೇಳ್ರಿ ಅಂತಾರ. ಐಫೋನಿನವರು 2015ರಿಂದ ಇದನ್ನ ಸಾಮಾನ್ಯ ಮಂದಿಗೂ ತೆರೆದಿಟ್ಟಾರ. ಬ್ಯಾಳಿ ಅರ್ಧಾ ಬೆಂದಿರ್ತದ, ಅದರಾಗೇ ಹೂರಣ ಅರದು ಹೋಳಿಗಿ ಮಾಡಿ ಎಲಿಗೆ ಬಡಸಿ, "ಹೊಟ್ಟಿ ನೋವು ಬಂದ್ರ ನಮಗ ತಿಳಸ್ರಿ" ಅಂತ ಚೀಟಿ ಇಟ್ಟಂಗ. ತಿಂದು ನೋಡೋ ಹುರುಪು ಇದ್ದವರು ತಿನ್ನಲಿ, ಯಾರು ಬ್ಯಾಡ ಅಂದ್ರು? ಅವರಿಂದನೇ ಮುಂದಿನವರಿಗೆ ಛಲೋದು ಸಿಗ್ತದ, ಖರೇ.

ಆದ್ರ ಕಂಪನಿಯವರೇ ಒಂದು ಮಾತು ಬರದಿರ್ತಾರ. ದಿನಾ ಬಳಸೋ ಮುಖ್ಯ ಫೋನಿಗೆ ಇದನ್ನ ಹಾಕಬ್ಯಾಡ್ರಿ, ಬ್ಯಾರೆ ಎರಡನೇ ಫೋನಿದ್ರ ಅದಕ್ಕ ಹಾಕ್ರಿ ಅಂತ. ಇಲ್ಲೇ ಅದ ನೋಡ್ರಿ ಮಜಾ. ನಮ್ಮ ಹುಡುಗೂರು ಇದನ್ನ ಓದ್ಯಾರ. ಓದಿ, ಈ ಮನ್ಯಾಗ ಎರಡನೇ ಫೋನ್ ಯಾವುದು ಅಂತ ವಿಚಾರ ಮಾಡಿ, ಸೀದಾ ಅಡಗಿಮನಿಗೆ ಬಂದಾರ. ಅಲ್ಲೋ ತಮ್ಮಾ, ನಿನಗದು ಎರಡನೇದು. ನಿಮ್ಮವ್ವಗ ಅದೇ ಮೊದಲನೇದು, ಅದೇ ಕಡೀದು.

"ಅದರಾಗೇನದ" ಅಂತ ಕೇಳ್ತಾರ. ಏನಿಲ್ಲ ಅದರಾಗ? ಸಿಲಿಂಡರ್ ತಂದಾಂವಗ ಹೇಳೋ ನಂಬರ್ ಅದಕ್ಕೇ ಬರ್ತದ. ಬ್ಯಾಂಕಿನ ಓಟಿಪಿ ಅದಕ್ಕೇ ಬರ್ತದ. ಗೃಹಲಕ್ಷ್ಮಿ 2,000 ರೂಪಾಯಿ ಜಮಾ ಆತೋ ಇಲ್ಲೋ ತಿಳಿಯೋದು ಅದರಾಗ. ಹನ್ನೆರಡು ಮಂದಿ ಭಿಶಿ ಲೆಕ್ಕ ಅದರಾಗ. ಅತ್ತಿಯವರ ಬಿಪಿ ಗುಳಗಿ ಗಂಟಿ ಬಡಿಯೋದು ಅದರಾಗ, ಅವರ ರಕ್ತ ಪರೀಕ್ಷಾದ ಕಾಗದದ ಫೋಟೋ ಅದರಾಗ. ಹುಡುಗನ ಫೋನ್ ಎರಡು ದಿವಸ ಬಂದ್ ಆದ್ರ ಗೆಳ್ಯಾರು ಬಯ್ತಾರ, ಅಷ್ಟ. ಅವ್ವನ ಫೋನ್ ಬಂದ್ ಆದ್ರ ಮನಿ ಬಂದ್.

ನಮ್ಮ ಸಂಬಂಧದಾಗಿನ ಒಬ್ರು ವೈನಿ ಇದ್ದಾರ. ಹೆಸರು ಬ್ಯಾಡ, ಅವರೂ ಇದನ್ನ ಓದ್ತಾರ, "ಬರಿ ನೀ" ಅಂತ ಅವರೇ ಅಂದಾರ. ಅವರ ಮಗಾ ದೀಪಾವಳಿ ಸೂಟಿಗೆ ಬಂದಾಗ ಆರು ವರ್ಷದ ಹಳೇ ಫೋನಿಗೆ ಬೀಟಾ ಹಾಕಿದ. ಯಾವ ಕಂಪನೀದು ಅನ್ನೋದೂ ಇಲ್ಲೆ ಬ್ಯಾಡ. ಮೊದಲ ಎರಡು ದಿವಸ ಫೋನ್ ಹಂಚಿನಂಗ ಕಾದಿತ್ತು. ಮೂರನೇ ದಿನ ರೊಕ್ಕ ಕಳಸೋ ಆ್ಯಪ್ ತೆರೀವಲ್ದು. ಮಧ್ಯಾಹ್ನಕ್ಕೇ ಚಾರ್ಜು ಖಾಲಿ. "ತಡಿ, ಹೊಳ್ಳಿ ಹಳೇದನ್ನೇ ಹಾಕ್ತೀನಿ" ಅಂತ ಹಾಕಿದ. ಬೀಟಾದಿಂದ ನಡುವ ಹೊಳ್ಳಿ ಬರೋದಂದ್ರ ಫೋನಿನ ಒಳಗಿದ್ದದ್ದೆಲ್ಲಾ ಅಳಿಸಿ ಹೋಗ್ತದ. ಪಕ್ಕಾ ಆವೃತ್ತಿ ಬರೋತನಕ ಕಾದಿದ್ರ ಏನೂ ಅಳಸಲಾರದಂಗ ಹೊರಗ ಬರಬಹುದಿತ್ತು. ಆದ್ರ ಅವನ ಸೂಟಿ ಮುಗಿಯಾಕ ಬಂದಿತ್ತು.

ವಾಟ್ಸಾಪ್ ಎಲ್ಲಾ ಗೂಗಲ್‌ನ್ಯಾಗ ಬ್ಯಾಕಪ್ ಇರ್ತದ ಅಂತ ಅವ ತಿಳಕೊಂಡಿದ್ದ. ಗೂಗಲ್ ಪುಕ್ಕಟ ಕೊಡೋ ಜಾಗಾ 15 ಜಿಬಿ. ಫೋಟೋ, ಮೇಲ್ ಎಲ್ಲಾ ಅದರಾಗೇ. ಮೊದಲು ಆಂಡ್ರಾಯ್ಡಿನ್ಯಾಗ ವಾಟ್ಸಾಪ್ ಬ್ಯಾಕಪ್ಪನ್ನ ಅದರಾಗ ಹಿಡೀತಿರಲಿಲ್ಲ, 2024ರ ಸುಮಾರಿಗೆ ಹಿಡೀಲಿಕ್ಕೆ ಸುರು ಮಾಡಿದ್ರು. ವೈನಿಯವರ ಜಾಗಾ ಎಂದೋ ತುಂಬಿತ್ತು, ಬ್ಯಾಕಪ್ ಎಂದೋ ನಿಂತಿತ್ತು. ಫೋನಿನ ಒಳಗೊಂದು ನಕಲು ಇರ್ತದ, ಅದು ಫೋನಿನ ಜೋಡಿ ಅಳಸಿ ಹೋತು. ಎರಡು ವರ್ಷದ ಹಿಂದ ತೀರಿಕೊಂಡ ಅಣ್ಣಾವರ ದನಿ ಅದರಾಗಿತ್ತು. ದೊಡ್ಡ ಮಾತೇನಲ್ಲ, "ಕೊತ್ತಂಬರಿ ತರಲೇನು", "ಬಸ್ ಹತ್ತೀನಿ, ಅನ್ನಕ್ಕಿಡು" ಅಂಥಾವು. ವೈನಿ ರಾತ್ರಿ ಅವನ್ನ ಕೇಳ್ತಿದ್ರು ಅಂತ ಮಗಗ ಗೊತ್ತೇ ಇರಲಿಲ್ಲ. ಅಣ್ಣಾವರ ಫೋನಿನ್ಯಾಗರೆ ಇದ್ದಾವಲ್ಲ ಅಂದ್ರ, ಅದು ಮಗಾ ಹೊಸಾದು ತೊಗೊಳ್ಳೋ ಮುಂದ ಎಕ್ಸ್‌ಚೇಂಜಿಗೆ ಹೋಗಿತ್ತು.

ಈಗ ಕೆಲವರು ಅಂತಾರ, "ಹಂಗಾದ್ರ ಅಪ್ಡೇಟೇ ಮಾಡಬಾರದೇನು?" ನಾ ಹಂಗ ಅಂದಿಲ್ರಿ. ಭದ್ರತಾ ಅಪ್ಡೇಟ್ ಅಂತ ಬರ್ತದಲ್ಲ, ಅದನ್ನ ಹಾಕೋಲೇಬೇಕು, ಅದು ಬಾಗಲಾ ಚಿಲಕ ರಿಪೇರಿ ಮಾಡಿಸಿದಂಗ. ಬೀಟಾ ಅಂದ್ರ ಬಾಗಲಾನೇ ತಗದು ಹೊಸಾ ನಮೂನಿ ಕೂಡಸ್ತದೋ ಇಲ್ಲೋ ನೋಡೋದು. ಎರಡೂ ಒಂದೇ ಅಂತ ಹೇಳಿ ನಮ್ಮನ್ನ ಮಳ್ಳ ಮಾಡಬ್ಯಾಡ್ರಿ.

ಇನ್ನ ಹಳೇ ಫೋನಿನ ಬ್ಯಾಟರಿ ಸುದ್ದಿ. ಚಾರ್ಜ್ ಮಾಡಿ ಮಾಡಿ ಅದರ ಕಸುವು ಕಡಿಮಿ ಆಗಿರ್ತದ. ಹೊಸಾ ಸಾಫ್ಟ್‌ವೇರ್ ಹೊಸಾ ಫೋನಿನ ಕಸುವು ನೋಡಿ ಮಾಡಿದ್ದು. ಆಪಲ್ ಕಂಪನಿ 2017ರಾಗ ಹಳೇ ಐಫೋನ್‌ಗಳಿಗೆ ಒಂದು ಅಪ್ಡೇಟ್ ಕೊಡ್ತು. ಬ್ಯಾಟರಿ ಸೋತದ್ದಿದ್ರ ಫೋನ್ ಒಮ್ಮಿಂದೊಮ್ಮೆಲೆ ಆರಬಾರದು ಅಂತ ಅದರ ವೇಗ ತಾನೇ ಇಳಸ್ತಿತ್ತು. ಹಂಗ ಮಾಡೇವಿ ಅಂತ ಬಿಚ್ಚಿ ಒಪ್ಪಿಕೊಂಡದ್ದು ಆ ವರ್ಷದ ಡಿಸೆಂಬರಿನ್ಯಾಗ. 2020ರಾಗ ಫ್ರಾನ್ಸ್ ಸರಕಾರ ಅದಕ್ಕ 2.5 ಕೋಟಿ ಯೂರೋ ದಂಡ ಹಾಕ್ತು. ಯಾತಕ್ಕ? ಫೋನ್ ನಿಧಾನ ಆಗಬಹುದು ಅಂತ ಗ್ರಾಹಕರಿಗೆ ಹೇಳಲಾರದ್ದಕ್ಕ. ಅಷ್ಟು ದೊಡ್ಡ ಕಂಪನಿಗೆ ಹೇಳಲಾರದ್ದಕ್ಕ ದಂಡ ಬೀಳ್ತದಂದ್ರ, ಅವ್ವಗ ಒಂದು ಮಾತು ಹೇಳಲಾರದ ಫೋನ್ ಕಸಗೊಂಡು ಹೋಗೋ ಮಗಗ ಏನು ದಂಡ ಹಾಕೋಣು? ಒಂದು ತಿಂಗಳು ರೊಟ್ಟಿ ಬಡೀಲಿ ಅಂತೀನಿ ನಾ.

ಕಂಪನಿಯವರನ್ನೂ ಬಿಡೋ ಹಂಗಿಲ್ಲ. ಎರಡು ಮೂರು ವರ್ಷ ಅಪ್ಡೇಟ್ ಕೊಟ್ಟು ಕೈ ಝಾಡಿಸಿಬಿಡೋದೇ ಇಷ್ಟು ದಿನದ ರೂಢಿ. ಅದಕ್ಕೇ ಸಿಕ್ಕದ್ದನ್ನ ತುರುಕೋ ಆಶಾ ಹುಡುಗೂರಿಗೆ. 2023ರಾಗ ಬಂದ ಗೂಗಲ್ ಪಿಕ್ಸೆಲ್ 8ಕ್ಕ ಏಳು ವರ್ಷ ಕೊಡ್ತೀವಿ ಅಂದ್ರು, ಮುಂದಿನ ವರ್ಷ ಸ್ಯಾಮ್‌ಸಂಗ್‌ನವರೂ ತಮ್ಮ ಎಸ್24ಕ್ಕ ಹಂಗೇ ಅಂದ್ರು. ಅಂದ ಮ್ಯಾಲೆ ಕೊಡಲಿಕ್ಕೆ ಬರ್ತಿತ್ತು, ಕೊಡ್ತಿರಲಿಲ್ಲ. ಇವೂ ಮತ್ತ ತುಟ್ಟಿ ಫೋನುಗಳೇ. ನಮ್ಮ ಕಟ್ಟಿ ಮ್ಯಾಲಿನ ಹತ್ತು ಸಾವಿರದ ಫೋನಿಗೆ ಏಳು ವರ್ಷ ಯಾವಾಗ ಬರ್ತದೋ.

ಹುಡುಗೂರೇ, ನಿಮಗ ಅಷ್ಟು ಹೌಸ್ ಇದ್ರ ನಿಮ್ಮ ನಲವತ್ತು ಸಾವಿರದ ಫೋನಿಗೆ ಹಾಕ್ಕೋರಿ. ಇಲ್ಲಾ, ಸಿಮ್ ತಗದು ಕಪಾಟಿನ್ಯಾಗ ಬಿದ್ದದ್ದು ಇದ್ರ ಅದಕ್ಕ ಹಾಕ್ರಿ, ಆಟ ಆಡ್ರಿ, ತಪ್ಪು ಹುಡುಕಿ ಕಂಪನಿಗೆ ಬರೀರಿ, ನಾವೂ ಶಾಣ್ಯಾ ಅಂತೀವಿ. ಸಿಮ್ ಇದ್ದ ಫೋನಿಗೆ ಕೈ ಹಚ್ಚೋಕಿಂತ ಮೊದಲು, ಯಾರ ಸಿಮ್ ಅದ ಅವರನ್ನ ಕೇಳ್ರಿ.

ಅಕ್ಕಾರ, ತಂಗೇರ, ನೀವೂ ಇವತ್ತೇ ಒಂದು ಕೆಲಸ ಮಾಡ್ರಿ. ವಾಟ್ಸಾಪ್ ತೆರದು ಸೆಟ್ಟಿಂಗ್ಸ್, ಅದರಾಗ ಚಾಟ್ಸ್, ಅದರ ಕೆಳಗ ಚಾಟ್ ಬ್ಯಾಕಪ್ ಒತ್ತರಿ. ಕಡೀ ಬ್ಯಾಕಪ್ ಯಾವಾಗ ಆಗೇದ ಅಂತ ತಾರೀಖು ಕಾಣಸ್ತದ. ಅದು ನಿನ್ನೆ ಮೊನ್ನೀದು ಇದ್ರ ಸರಿ. ಹೋದ ಯುಗಾದೀದು ಇತ್ತಂದ್ರ ಮಗನ್ನೋ ಮಗಳನ್ನೋ ಕರೀರಿ, ಬಾಜೂಕ ಕೂಡಿಸಿಕೊಳ್ರಿ, ಅದು ಮುಗಿಯೋತನಕ ಏಳಲಿಕ್ಕೆ ಬಿಡಬ್ಯಾಡ್ರಿ.