ನಗರವೂ ದ್ವೀಪ, ಹಡಗೂ ದ್ವೀಪ

ಬೇಸಿಗೆ ರಜೆ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಪ್ರವಾಸದ ಜಾಹೀರಾತುಗಳು ಹೆಚ್ಚುತ್ತವೆ. 'ಸಿಂಗಪುರದಲ್ಲಿ ಮೂರು ದಿನ, ಹಡಗಿನಲ್ಲಿ ಮೂರು ರಾತ್ರಿ' ಎಂಬಂಥವನ್ನು ನೀವೂ ನೋಡಿರುತ್ತೀರಿ. ಮಗಳ ಮದುವೆ, ಮನೆ ಸಾಲ ಎರಡೂ ಮುಗಿದ ಮೇಲೆ ನಾನೂ ನನ್ನಾಕೆಯೂ ಕಳೆದ ಮೇ ತಿಂಗಳಲ್ಲಿ ಅಂಥದೊಂದು ಪ್ರವಾಸ ಮಾಡಿಬಂದೆವು. ಅಲ್ಲಿನ ಅಂಗಡಿಬೀದಿಗಳ ವರ್ಣನೆಯನ್ನು ಬೇರೆಯವರು ಬರೆಯಲಿ. ಶಾಲೆಯಲ್ಲಿ ಓದುವ ಪಾಠಗಳು ಅಲ್ಲಿ ಎಲ್ಲೆಲ್ಲಿ ಕಣ್ಣಿಗೆ ಬೀಳುತ್ತವೆ ಎಂಬುದಷ್ಟೇ ಈ ವಾರದ ವಿಷಯ.

ಮೊದಲನೆಯದು ಗಡಿಯಾರದ ಪಾಠ. ಸಿಂಗಪುರದಲ್ಲಿ ನಮ್ಮ ಗಡಿಯಾರವನ್ನು ಎರಡೂವರೆ ಗಂಟೆ ಮುಂದಿಡಬೇಕು. ಬೆಂಗಳೂರಿನ ರೇಖಾಂಶ 77.6 ಡಿಗ್ರಿ ಪೂರ್ವ, ಸಿಂಗಪುರದ್ದು 103.8. ಅಂತರ 26.2 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಗುಣಿಸಿ ನೋಡಿ, ಸುಮಾರು 1 ಗಂಟೆ 45 ನಿಮಿಷ ಮಾತ್ರ! ಉಳಿದ ಮುಕ್ಕಾಲು ಗಂಟೆ ಎಲ್ಲಿಂದ ಬಂತು? 1982ರ ಜನವರಿ 1ರಿಂದ ಮಲೇಷ್ಯಾದೊಡನೆ ಹೊಂದಿಕೊಳ್ಳಲು ಸಿಂಗಪುರ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟು, 120 ಡಿಗ್ರಿ ರೇಖಾಂಶದ ಕಾಲವನ್ನು ಒಪ್ಪಿಕೊಂಡಿತು. ಹೀಗಾಗಿ ಅಲ್ಲಿಯ ಗಡಿಯಾರ ಅಲ್ಲಿಯ ಸೂರ್ಯನಿಗಿಂತ ಸುಮಾರು 65 ನಿಮಿಷ ಮುಂದೆ. 82.5 ಡಿಗ್ರಿಯ ಕಾಲವನ್ನು ಅನುಸರಿಸುವ ಬೆಂಗಳೂರಿನ ಗಡಿಯಾರವೂ ಸುಮಾರು 20 ನಿಮಿಷ ಮುಂದೆ. ಒಂದರಿಂದ ಇನ್ನೊಂದನ್ನು ಕಳೆದರೆ ಆ ಮುಕ್ಕಾಲು ಗಂಟೆ ಸಿಕ್ಕಿತು. ಅಲ್ಲಿ ಬೆಳಕು ಹರಿಯುವುದು ಏಳು ಗಂಟೆಗೆ, ಕತ್ತಲಾಗುವುದೂ ಏಳು ದಾಟಿದ ಮೇಲೆ. ಸಮಭಾಜಕ ವೃತ್ತ ಹತ್ತಿರವೇ ಇರುವುದರಿಂದ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಹತ್ತೇ ನಿಮಿಷ. ಬೆಂಗಳೂರಿನಲ್ಲಿ ಅದು ಒಂದೂವರೆ ಗಂಟೆ.

ಎರಡನೆಯದು ನೀರಿನ ಪಾಠ. ಸಿಂಗಪುರದಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೆ ಅದನ್ನು ಹಿಡಿದಿಡಲು ಜಾಗವಿಲ್ಲ. 1962ರ ಒಪ್ಪಂದದಂತೆ ನೆರೆಯ ಜೊಹೋರ್‌ನಿಂದ ನೀರು ಬರುತ್ತದೆ. ಆ ಒಪ್ಪಂದದ ಅವಧಿ 2061ಕ್ಕೆ ಮುಗಿಯುತ್ತದೆ. ಆದ್ದರಿಂದ ಆ ದೇಶ ತನ್ನ ನೀರನ್ನು ತಾನೇ ಹುಡುಕಿಕೊಳ್ಳತೊಡಗಿತು. 2008ರಲ್ಲಿ ಸಮುದ್ರದ ಬಾಯಿಗೆ ಅಡ್ಡಲಾಗಿ 350 ಮೀಟರ್ ಉದ್ದದ 'ಮರೀನಾ ಬ್ಯಾರೇಜ್' ಸಿದ್ಧವಾಯಿತು. ಒಳಗಿದ್ದ ಉಪ್ಪುನೀರನ್ನು ಮಳೆನೀರು ಮೆಲ್ಲಗೆ ಹೊರದೂಡಿತು. 2010ರ ಹೊತ್ತಿಗೆ ಅದು ಸಿಹಿನೀರಿನ ಜಲಾಶಯ! ಜೋರು ಮಳೆ ಬಂದಾಗ ಸಮುದ್ರ ಇಳಿತದಲ್ಲಿದ್ದರೆ ಬಾಗಿಲು ತೆರೆದು ಹೆಚ್ಚುವರಿ ನೀರನ್ನು ಬಿಡುತ್ತಾರೆ. ಉಬ್ಬರವಿದ್ದರೆ ಬಾಗಿಲು ತೆರೆಯುವಂತಿಲ್ಲ, ಸಮುದ್ರವೇ ಒಳಗೆ ಬಂದೀತು. ಆಗ ದೊಡ್ಡ ಪಂಪುಗಳು ಆ ನೀರನ್ನು ಹೊರಗೆ ಎತ್ತಿಹಾಕುತ್ತವೆ.

ಇದಕ್ಕಿಂತ ದಿಟ್ಟ ಕೆಲಸ ಕೊಳಚೆ ನೀರಿನದು. ಮೊದಲು ಸಾಮಾನ್ಯ ರೀತಿಯಲ್ಲಿ ಶುದ್ಧಿ ಮಾಡಿದ ಚರಂಡಿ ನೀರನ್ನು ಅತಿ ಸೂಕ್ಷ್ಮ ರಂಧ್ರಗಳ ಸೋಸುಪರದೆ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಕಿರಣ ಎಂಬ ಮೂರು ಹಂತ ದಾಟಿಸಿ ಮತ್ತೆ ಬಳಸುತ್ತಾರೆ. ಅದರ ಹೆಸರು 'ನ್ಯೂವಾಟರ್'. 2002ರ ರಾಷ್ಟ್ರೀಯ ದಿನದಂದು ಆಗಿನ ಪ್ರಧಾನಿ ಗೋ ಚೋಕ್ ಟಾಂಗ್ ಅವರೊಡನೆ ಸಾವಿರಾರು ಜನ ಅದನ್ನು ಕುಡಿದು ತೋರಿಸಿದರು. ಅದರ ಬಹುಪಾಲು ಹೋಗುವುದು ಕಾರ್ಖಾನೆಗಳಿಗೆ. ಸ್ವಲ್ಪ ಭಾಗ ಜಲಾಶಯಗಳನ್ನು ಸೇರುತ್ತದೆ.

ನಾಲ್ಕನೆಯ ದಿನ ಹಡಗು ಹತ್ತಿದೆವು. 'ಇದು ಒಂದೂವರೆ ಲಕ್ಷ ಟನ್ನಿನ ಹಡಗು' ಎಂದು ಮಾರ್ಗದರ್ಶಿ ಹೆಮ್ಮೆಯಿಂದ ಹೇಳಿದ. ಮಕ್ಕಳೇ, ಇದನ್ನು ತೂಕ ಎಂದುಕೊಳ್ಳಬೇಡಿ. ಗ್ರಾಸ್ ಟನ್ನೇಜ್ ಎಂಬುದು ಹಡಗಿನ ಒಳಗಿನ ಗಾತ್ರದ ಅಳತೆ. ನಿಜವಾದ ತೂಕ ತಿಳಿಯಬೇಕಾದರೆ ಆರ್ಕಿಮಿಡೀಸನನ್ನೇ ಕೇಳಬೇಕು: ಹಡಗು ಪಕ್ಕಕ್ಕೆ ಸರಿಸಿದ ನೀರಿನ ತೂಕ ಎಷ್ಟೋ, ತೇಲುವ ಹಡಗಿನ ತೂಕವೂ ಅಷ್ಟೇ.

ಹಡಗೂ ಒಂದು ದ್ವೀಪವೇ. ಸುತ್ತ ನೀರು, ಕುಡಿಯಲು ಮಾತ್ರ ಬಾರದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಸಾವಿರಾರು ಪ್ರಯಾಣಿಕರ ಸ್ನಾನ, ಅಡುಗೆಗೆ ನೀರನ್ನು ಇಂಥ ಹಡಗುಗಳು ಹೆಚ್ಚಾಗಿ ತಾವೇ ತಯಾರಿಸಿಕೊಳ್ಳುತ್ತವೆ. ಒಂದು ವಿಧಾನದಲ್ಲಿ ಎಂಜಿನ್ನಿನ ವ್ಯರ್ಥ ಶಾಖದಿಂದ ಸಮುದ್ರದ ನೀರನ್ನು ಕುದಿಸುತ್ತಾರೆ. ಪಾತ್ರೆಯೊಳಗಿನ ಒತ್ತಡವನ್ನು ತಗ್ಗಿಸುವುದರಿಂದ ನೀರು 100 ಡಿಗ್ರಿಗಿಂತ ಬಹಳ ಮುಂಚೆಯೇ ಕುದಿಯುತ್ತದೆ. ನಮ್ಮ ಮನೆಯ ಪ್ರೆಶರ್ ಕುಕ್ಕರಿನ ಪಾಠವನ್ನೇ ತಿರುಗಿಸಿ ಓದಿದಂತೆ! ಇನ್ನೊಂದು ವಿಧಾನ ಅದೇ ರಿವರ್ಸ್ ಆಸ್ಮೋಸಿಸ್. ತೆಳುಪೊರೆಯ ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು ಇದ್ದರೆ ಸಿಹಿನೀರು ತಾನಾಗಿ ಉಪ್ಪಿನ ಕಡೆಗೆ ಸಾಗುತ್ತದೆ. ಉಪ್ಪಿನ ಕಡೆಯಿಂದ ಜೋರಾಗಿ ಒತ್ತಿದರೆ ದಿಕ್ಕು ತಿರುಗುತ್ತದೆ. ನೀರು ಈಚೆ ಬಂದು ಉಪ್ಪು ಆಚೆಯೇ ಉಳಿಯುತ್ತದೆ.

ಡೆಕ್ಕಿನ ಮೇಲೆ ಇದನ್ನು ನನ್ನಾಕೆಗೆ ವಿವರಿಸುತ್ತಿದ್ದೆ. ಅವಳು ಪಾವಗಡದ ಕಡೆಯ ಹಳ್ಳಿಯವಳು. ಎರಡು ಬಿಂದಿಗೆ ನೀರಿಗೆ ಬೋರ್‌ವೆಲ್ ಮುಂದೆ ಸಾಲು ನಿಂತು ಬೆಳೆದವಳು. ಆ ನೀರಿನ ಫ್ಲೋರೈಡು ಅವಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ಬಿಟ್ಟುಹೋಗಿದೆ. ಫೋಟೋ ತೆಗೆಯುವಾಗ ಅವಳು ಈಗಲೂ ತುಟಿ ಬಿಗಿಹಿಡಿಯುತ್ತಾಳೆ. ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು: 'ಅಲ್ಲಾ ರೀ, ಆಚೆ ಉಳಿದ ಉಪ್ಪುನೀರು ಎಲ್ಲಿಗೆ ಹೋಗುತ್ತೆ?'

ಸಮುದ್ರಕ್ಕೆ, ಎಂದೆ.

'ಇಲ್ಲಾದರೆ ಸಮುದ್ರ ಇದೆ. ನಮ್ಮೂರಲ್ಲಿ?'

ಎಂಥ ಪ್ರಶ್ನೆ! ಇಂದು ನಮ್ಮ ಎಷ್ಟೋ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಅಲ್ಲಿಯೂ ಅದೇ ತೆಳುಪೊರೆ. ಅದು ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ತಿರಸ್ಕೃತ ನೀರಿನಲ್ಲಿ ಫ್ಲೋರೈಡು ಮೊದಲಿಗಿಂತ ಸಾಂದ್ರವಾಗಿರುತ್ತದೆ. ಅದನ್ನು ಘಟಕದ ಹಿಂದಿನ ಗುಂಡಿಗೆ ಬಿಟ್ಟರೆ ಇಂಗಿ ಮತ್ತೆ ಅಂತರ್ಜಲಕ್ಕೇ ಸೇರಬಹುದು. ಒಂದು ಕಡೆ ಸೋಸಿದ್ದನ್ನು ಇನ್ನೊಂದು ಕಡೆ ಮತ್ತೆ ಬಾವಿಗೆ ಸುರಿದಂತೆ.

ಪೋಷಕರಿಗೆ ಒಂದು ಮಾತು. ನೀರನ್ನು ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ನಮ್ಮ ದೇಶದ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಹಲ್ಲಿಗೆ ಕಲೆ ತಗಲುವುದು ಅದು ಒಸಡಿನೊಳಗೆ ರೂಪುಗೊಳ್ಳುವ ಎಳವೆಯಲ್ಲಿ. ದೊಡ್ಡವರಾದ ಮೇಲೆ ಒಳ್ಳೆಯ ನೀರು ಕುಡಿದರೆ ಆ ಕಲೆ ಅಳಿಯದು. ಎಂಟು ವರ್ಷದೊಳಗಿನ ಮಗುವಿಗೆ ಯಾವ ನೀರು ಕೊಡುತ್ತೀರಿ ಎಂಬುದೇ ಮುಖ್ಯ.

ವಿದ್ಯಾರ್ಥಿಗಳು ಮಾಡಬಹುದಾದ ಎರಡು ಕೆಲಸಗಳಿವೆ. ಒಂದು, ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಉಬ್ಬಿರುತ್ತದೆ. ಅದನ್ನೇ ಗಟ್ಟಿ ಸಕ್ಕರೆ ಪಾಕದಲ್ಲಿ ಹಾಕಿಟ್ಟರೆ ಮತ್ತೆ ಕುಗ್ಗುತ್ತದೆ. ಪೊರೆಯ ಎರಡು ಕಡೆ ನಡೆಯುವುದು ಇದೇ. ಎರಡನೆಯದಕ್ಕೆ ಪಾಸ್‌ಪೋರ್ಟೂ ಬೇಡ, ಹಡಗೂ ಬೇಡ. ನಿಮ್ಮೂರಿನ ನೀರಿನ ಘಟಕದ ಹಿಂಬದಿಗೆ ಹೋಗಿ, ತಿರಸ್ಕೃತ ನೀರಿನ ಪೈಪು ಎಲ್ಲಿ ಕೊನೆಯಾಗುತ್ತದೆ ನೋಡಿ. ಅಲ್ಲಿಂದ ಹತ್ತಿರದ ಬೋರ್‌ವೆಲ್ ಎಷ್ಟು ಹೆಜ್ಜೆ ಎಂದು ಎಣಿಸಿ, ನಕ್ಷೆ ಬರೆದು, ನಿಮ್ಮ ವಿಜ್ಞಾನದ ಮೇಷ್ಟರಿಗೂ ಪಂಚಾಯಿತಿಯವರಿಗೂ ತೋರಿಸಿ.