ಇಂಜಿನಿಯರ್ ಚಿಕ್ಕಪ್ಪ ಡಾಕ್ಟರ್ ಆಗಬಹುದೇ?

ಪ್ರೀತಿಯ ಮಕ್ಕಳೇ, ಕನ್ನಡಕ ಹುಡುಕಿಕೊಂಡು ಈ ಪುಟ ತೆರೆಯುವ ಅಜ್ಜ ಅಜ್ಜಿಯರೇ,

ಈ ವಾರ ಬಂದ ಪತ್ರಗಳಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳ ಪತ್ರವನ್ನು ನಾನು ಎರಡು ಸಲ ಓದಿದೆ. ಅವಳ ಚಿಕ್ಕಪ್ಪನಿಗೆ 29 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಈಗ ಕೆಲಸ ಬಿಟ್ಟು ಡಾಕ್ಟರ್ ಓದುತ್ತೇನೆ ಎಂದು ಹೊರಟಿದ್ದಾರಂತೆ. ಅಂದಿನಿಂದ ಅಜ್ಜ ಮಗನ ಜೊತೆ ಮಾತು ಬಿಟ್ಟಿದ್ದಾರೆ. ಚಿಕ್ಕಪ್ಪ ಊರಿಗೆ ಬಂದರೆ ಅಜ್ಜಿ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಊಟ ಬಡಿಸುತ್ತಾರಂತೆ. "ಯಾರು ಸರಿ, ನೀವೇ ಹೇಳಿ ತಾತ" ಎಂದು ಕೇಳಿದ್ದಾಳೆ.

ಮಗೂ, ನಿಮ್ಮ ಮನೆಯ ತೀರ್ಪು ನಾನು ಕೊಡಲಾರೆ. ಆದರೆ ಮಾತು ಬಿಟ್ಟವರಿಬ್ಬರೂ ಕೂಡಿ ಹಾಕಬೇಕಾದ ಲೆಕ್ಕ ಒಂದಿದೆ. ಅದನ್ನು ಹೇಳಬಲ್ಲೆ.

ಮೊದಲು ಅಜ್ಜನ ಕಡೆಯಿಂದ ನೋಡೋಣ. ನಮ್ಮ ದೇಶದಲ್ಲಿ ಎಂಬಿಬಿಎಸ್ ಸೇರಬೇಕಾದರೆ ನೀಟ್ ಪರೀಕ್ಷೆ ಬರೆಯಬೇಕು. ಒಟ್ಟು 720 ಅಂಕ. ಅದರಲ್ಲಿ ಅರ್ಧ, ಅಂದರೆ 360 ಅಂಕ, ಜೀವಶಾಸ್ತ್ರಕ್ಕೆ. ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180. ಇಂಜಿನಿಯರುಗಳು ಪ್ರಾಣದಂತೆ ಪ್ರೀತಿಸುವ ಗಣಿತಕ್ಕೆ ಒಂದು ಅಂಕವೂ ಇಲ್ಲ! ಚಿಕ್ಕಪ್ಪ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರದಿದ್ದರೆ ಹೂವಿನ ಭಾಗಗಳಿಂದಲೇ ಮತ್ತೆ ಶುರು ಮಾಡಬೇಕು, ಅದೂ ಹದಿನೇಳು ಹದಿನೆಂಟರ ಹುಡುಗರ ಜೊತೆ ಸ್ಪರ್ಧಿಸುತ್ತ.

ತಯಾರಿಗೆ ಒಂದು ವರ್ಷ ಎನ್ನಿ. ಮೊದಲ ಸಲಕ್ಕೇ ಸೀಟು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಆಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್. ಅಲ್ಲಿಗೆ ಚಿಕ್ಕಪ್ಪನಿಗೆ ಮೂವತ್ತೈದು ದಾಟಿರುತ್ತದೆ. ಮಕ್ಕಳ ಡಾಕ್ಟರೋ ಹೃದಯದ ಡಾಕ್ಟರೋ ಆಗಬೇಕಾದರೆ ಇನ್ನೊಂದು ಪ್ರವೇಶ ಪರೀಕ್ಷೆ, ಇನ್ನೂ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು. ಅಷ್ಟು ವರ್ಷ ಮನೆಸಾಲದ ಕಂತು ಕಟ್ಟುವವರು ಯಾರು? ಅಜ್ಜಿಯ ಔಷಧಿಗೆ ದುಡ್ಡು ಎಲ್ಲಿಂದ? ಸರ್ಕಾರಿ ಸೀಟು ಸಿಗದೆ ಖಾಸಗಿ ಕಾಲೇಜಿಗೆ ಹೋಗಬೇಕಾದರೆ ಶುಲ್ಕದ ಗತಿಯೇನು? ಅಜ್ಜನ ಸಿಟ್ಟಿನ ಒಳಗೆ ಈ ಪ್ರಶ್ನೆಗಳಿವೆ ಮಗೂ. ಅದು ಬರೀ ಹಟ ಅಲ್ಲ.

ಈಗ ಚಿಕ್ಕಪ್ಪನ ಕಡೆಗೆ ಬರೋಣ. ವಯಸ್ಸು ಮೀರಿತು ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. ನೀಟ್ ಬರೆಯಲು ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಪಿಯುಸಿಯಲ್ಲಿ ಜೀವಶಾಸ್ತ್ರ ಇರಲಿಲ್ಲ ಎಂಬ ಬಾಗಿಲೂ ಈಗ ಪೂರ್ತಿ ಮುಚ್ಚಿಲ್ಲ. ಆ ವಿಷಯವನ್ನು ಮಾನ್ಯತೆ ಪಡೆದ ಮಂಡಳಿಯಿಂದ ಆಮೇಲೆ ಹೆಚ್ಚುವರಿಯಾಗಿ ಓದಿ ಪಾಸಾದರೂ ಆಗುತ್ತದೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಹೇಳಿತು. ನಿಯಮಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಪರೀಕ್ಷೆ ಬರೆಯುವ ವರ್ಷದ ಪ್ರಕಟಣೆಯನ್ನು ಚಿಕ್ಕಪ್ಪ ತಾವೇ ಓದಬೇಕು. ಪಕ್ಕದ ಮನೆಯವರ ಮಾತು ಸಾಲದು.

ಬೇರೆ ದೇಶಗಳಲ್ಲಿ ಈ ದಾರಿ ಅಷ್ಟು ವಿಚಿತ್ರವೂ ಅಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ಯಾವುದಾದರೂ ಒಂದು ಪದವಿ ಪಡೆದು, ಆಮೇಲೆ ವೈದ್ಯಕೀಯ ಕಾಲೇಜು ಸೇರುತ್ತಾರೆ. ಮೇ ಜೆಮಿಸನ್ ಎಂಬ ಹುಡುಗಿ ಹದಿನಾರನೇ ವಯಸ್ಸಿಗೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿ, 1977ರಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿದಳು. 1981ರಲ್ಲಿ ಡಾಕ್ಟರ್ ಆದಳು. ಆಫ್ರಿಕಾದ ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ವೈದ್ಯೆಯಾಗಿ ದುಡಿದಳು. ಅಲ್ಲಿಗೂ ನಿಲ್ಲದೆ 1992ರಲ್ಲಿ ಎಂಡೆವರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದಳು! ಹೀಗೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವಳು. ನಮ್ಮಲ್ಲಿ ಪಿಯುಸಿ ಮುಗಿಯುತ್ತಲೇ ದಾರಿ ಕವಲೊಡೆಯುತ್ತದೆ. ಒಂದು ಕವಲು ಹಿಡಿದವರು ಇನ್ನೊಂದಕ್ಕೆ ಬರಬೇಕಾದರೆ ಕವಲಿನ ತನಕ ಹಿಂದಕ್ಕೆ ನಡೆಯಬೇಕು. ಕಷ್ಟ ಇರುವುದು ಅಲ್ಲಿ.

ಹಾಗಾದರೆ ಮೊದಲು ಓದಿದ್ದೆಲ್ಲ ನೀರಲ್ಲಿ ಹೋಮವೇ? ಇದಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳುತ್ತೇನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ಆಗಿ ಕೆಲವು ವರ್ಷ ದುಡಿದು, ಆಮೇಲೆ ಎಂಬಿಬಿಎಸ್ ಓದಿದಳು. ತರಗತಿಯಲ್ಲಿ ಎಲ್ಲರೂ ಅವಳನ್ನು "ಅಕ್ಕಾ" ಎಂದು ಕರೆಯುತ್ತಿದ್ದರಂತೆ. ಮೊದಲ ವರ್ಷ ಮೂಳೆ, ನರಗಳ ಹೆಸರು ಬಾಯಿಪಾಠ ಮಾಡುವಾಗ ಚಿಕ್ಕವರು ಒಂದು ಸಲ ಓದಿದರೆ ಇವಳು ಮೂರು ಸಲ ಓದಬೇಕಿತ್ತು. ತಮ್ಮನ ಮದುವೆಗೆ ಬೆಳಿಗ್ಗೆ ಬಂದು, ಧಾರೆ ಮುಗಿಸಿಕೊಂಡು ಸಂಜೆ ಬಸ್ಸು ಹತ್ತಿದಳು. ಮರುದಿನ ಪರೀಕ್ಷೆ.

ಅವಳು ಹೇಳಿದ ಎರಡು ಸಂಗತಿಗಳು ನನಗೆ ಚೆನ್ನಾಗಿ ನೆನಪಿವೆ.

ಒಮ್ಮೆ ವಾರ್ಡಿನಲ್ಲಿ ಅಜ್ಜಿಯೊಬ್ಬರ ಬೆರಳಿಗೆ ಆಮ್ಲಜನಕ ಅಳೆಯುವ ಪುಟ್ಟ ಯಂತ್ರ ಸಿಕ್ಕಿಸಿದರು. ಕೋವಿಡ್ ಕಾಲದಲ್ಲಿ ನಿಮ್ಮ ಮನೆಗೂ ಬಂದಿತ್ತಲ್ಲ, ಅದೇ. ಅಂಕಿ ಬಹಳ ಕಡಿಮೆ ತೋರಿಸಿತು, ಎಲ್ಲರಿಗೂ ಗಾಬರಿ. ಇವಳು ಅಜ್ಜಿಯ ಮುಖ ನೋಡಿದಳು. ಅವರು ಆರಾಮವಾಗಿ ಉಸಿರಾಡುತ್ತ, ಪಕ್ಕದ ಹಾಸಿಗೆಯವರ ಜೊತೆ ಹರಟುತ್ತಿದ್ದರು. ಬೆರಳು ನೋಡಿದಳು, ತುದಿಯ ತುಂಬ ಕಪ್ಪುಗಟ್ಟಿದ ಮೆಹಂದಿ! ಆ ಯಂತ್ರ ಬೆರಳಿನ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ದಟ್ಟ ಬಣ್ಣ ಅಡ್ಡ ಬಂದರೆ ಲೆಕ್ಕ ತಪ್ಪಬಹುದು. ಮೆಹಂದಿ ಇಲ್ಲದ ಬೆರಳಿಗೆ ಹಾಕಿದಾಗ ಅಂಕಿ ಸರಿಯಾಗಿ ಬಂತು. ಉಪಕರಣದ ಮಾತನ್ನು ಪರೀಕ್ಷಿಸದೆ ನಂಬಬಾರದು ಎಂಬುದು ಅವಳ ಹಳೆಯ ಕೆಲಸ ಕಲಿಸಿದ ಪಾಠ.

ಇನ್ನೊಂದು ಸಂಗತಿ ಇದಕ್ಕೆ ತದ್ವಿರುದ್ಧ. ಎದೆನೋವು ಎಂದು ಬಂದ ರೈತರೊಬ್ಬರನ್ನು ಅವಳು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತ, ಉತ್ತರಗಳನ್ನು ಬರೆದುಕೊಳ್ಳುತ್ತ ಹೋದಳು. ಯಂತ್ರದ ದೋಷ ಹುಡುಕುವಾಗ ಹಾಗೆಯೇ ಮಾಡುತ್ತಿದ್ದಳು. ಅವರು ಸ್ವಲ್ಪ ಹೊತ್ತಿಗೆ ಮಾತೇ ನಿಲ್ಲಿಸಿದರು. ಹಿರಿಯ ವೈದ್ಯರು ಬಂದು "ಪೆನ್ನು ಕೆಳಗಿಡಮ್ಮ" ಎಂದು ಹೇಳಿ, ಹಾಸಿಗೆಯ ಅಂಚಿನಲ್ಲಿ ಕೂತು, ಈ ಸಲ ಮಳೆ ಹೇಗಿದೆ ಎಂದು ಕೇಳಿದರು. ಆಗ ಆ ರೈತರು ಬಾಯಿಬಿಟ್ಟರು. ನೋವು ಶುರುವಾಗಿ ಮೂರು ದಿನವಾಗಿತ್ತು, ಹೇಳಿದರೆ ಖರ್ಚಾಗುತ್ತದೆ ಎಂದು ಮನೆಯಲ್ಲಿ ಮುಚ್ಚಿಟ್ಟಿದ್ದರು. ಆ ಮೂರು ದಿನದ ಸಂಗತಿ ಚಿಕಿತ್ಸೆಗೆ ಬಹಳ ಮುಖ್ಯವಾಗಿತ್ತು. ಯಾವ ಯಂತ್ರವೂ ತನ್ನ ದೋಷವನ್ನು ನಾಚಿಕೆಯಿಂದ ಬಚ್ಚಿಡುವುದಿಲ್ಲ. ಮನುಷ್ಯ ಬಚ್ಚಿಡುತ್ತಾನೆ.

ಇನ್ನೂ ಒಂದು ವ್ಯತ್ಯಾಸ ಇದೆ ಮಕ್ಕಳೇ. ಕೆಟ್ಟ ಕಂಪ್ಯೂಟರನ್ನು ಆರಿಸಿ, ಬಿಚ್ಚಿ, ನಾಳೆ ಜೋಡಿಸಬಹುದು. ಮನುಷ್ಯನನ್ನು ಓಡುತ್ತಿರುವಾಗಲೇ ರಿಪೇರಿ ಮಾಡಬೇಕು! ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಸರಿಪಡಿಸಲು ಸಾಧ್ಯವೇ ಎಂದು ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್ ಇಪ್ಪತ್ತು ವರ್ಷದಷ್ಟು ಕಾಲ ತಲೆ ಕೆಡಿಸಿಕೊಂಡರು. ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಯಂತ್ರವನ್ನು ಐಬಿಎಂ ಕಂಪನಿಯ ಇಂಜಿನಿಯರುಗಳ ನೆರವಿನಿಂದ ಸಿದ್ಧಪಡಿಸಿ, 1953ರ ಮೇ 6ರಂದು ಹದಿನೆಂಟರ ಹುಡುಗಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದರು.

ಅಂದಮೇಲೆ ಚಿಕ್ಕಪ್ಪನಿಗೆ ಮೂರನೆಯ ದಾರಿಯೂ ಇದೆ. ಸಿಟಿ ಸ್ಕ್ಯಾನ್ ಯಂತ್ರ ಕಂಡುಹಿಡಿದ ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಇಂಜಿನಿಯರ್. ವೈದ್ಯಕೀಯ ಓದಿದವರಲ್ಲ. 1971ರಲ್ಲಿ ಅವರ ಯಂತ್ರ ಮೊದಲ ಬಾರಿಗೆ ರೋಗಿಯ ಮಿದುಳಿನ ಚಿತ್ರ ತೆಗೆಯಿತು. 1979ರಲ್ಲಿ ಅವರಿಗೆ ವೈದ್ಯಕೀಯದ ನೊಬೆಲ್ ಪ್ರಶಸ್ತಿ ಬಂತು. ರೋಗಿಗೆ ನೆರವಾಗಲು ಸ್ಟೆತಾಸ್ಕೋಪು ಹಾಕಲೇಬೇಕೆಂದಿಲ್ಲ. ಹಾಗಾಗಿ ಚಿಕ್ಕಪ್ಪ ಮೊದಲು ತಮ್ಮನ್ನೇ ಕೇಳಿಕೊಳ್ಳಲಿ. ನನಗೆ ಬೇಕಾಗಿರುವುದು ರೋಗಿಯ ಪಕ್ಕದ ಕುರ್ಚಿಯೋ, ಅಥವಾ ಈಗ ಕೂತಿರುವ ಕುರ್ಚಿಯಿಂದ ಬಿಡುಗಡೆ ಮಾತ್ರವೋ? ಎರಡನೆಯದಾದರೆ ಬೇರೆ ಕೆಲಸ ಹುಡುಕಿದರೆ ಸಾಕು, ಆರೇಳು ವರ್ಷ ಕಳೆಯಬೇಕಿಲ್ಲ. ಉತ್ತರ ತಿಳಿಯಲು ಕೆಲಸ ಬಿಡುವ ಮೊದಲೇ ಕೆಲವು ಭಾನುವಾರ ಯಾವುದಾದರೂ ಆಸ್ಪತ್ರೆಯಲ್ಲಿ ಸ್ವಯಂಸೇವಕರಾಗಿ ದುಡಿದು ನೋಡಲಿ. ರಕ್ತ, ವಾಸನೆ, ಅಳು, ರಾತ್ರಿಯ ನಿದ್ದೆಗೇಡು, ಎಲ್ಲ ಕಂಡ ಮೇಲೂ ಬೇಕು ಎನಿಸಿದರೆ ಆ ಆಸೆ ಗಟ್ಟಿ.

ಹಿರಿಯರೇ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ನೀವು ಕೇಳುತ್ತೀರಿ. ಬಗ್ಗಲಾರದು, ನಿಜ. ಆದರೆ ನಮ್ಮ ಮಾವಿನ ತೋಟದವರನ್ನು ಕೇಳಿ. ಹಳೆಯ ಮರದ ಕೊಂಬೆ ಕಡಿದು, ಹೊಸ ಚಿಗುರಿಗೆ ಬೇರೆ ತಳಿಯ ಕಸಿ ಕಟ್ಟುತ್ತಾರೆ. ಒಂದೆರಡು ವರ್ಷ ಫಸಲು ಇರುವುದಿಲ್ಲ, ತೋಟ ಬೋಳಾಗಿ ಕಾಣುತ್ತದೆ. ಆದರೆ ಬೇರು ಹಳೆಯದೇ, ಆಳಕ್ಕೆ ಇಳಿದದ್ದು. ಫಸಲು ಇಲ್ಲದ ಆ ವರ್ಷಗಳನ್ನು ಮನೆ ತಾಳಿಕೊಂಡೀತೇ ಎಂಬುದನ್ನು ಮಾತ್ರ ಕೂತು ಲೆಕ್ಕ ಹಾಕಬೇಕು. ಒಂದು ಹಾಳೆಯ ಮೇಲೆ ಸಾಲ, ಉಳಿತಾಯ, ಶುಲ್ಕ, ವರ್ಷಗಳನ್ನು ಬರೆಯಿರಿ. ಎಷ್ಟು ಸಲ ಪರೀಕ್ಷೆ ಬರೆಯುವುದು, ಸೀಟು ಸಿಗದಿದ್ದರೆ ಎಲ್ಲಿಗೆ ನಿಲ್ಲಿಸುವುದು ಎಂಬುದನ್ನೂ ಈಗಲೇ ಬರೆದಿಡಿ. ಲೆಕ್ಕ ಕೂಡದಿದ್ದರೆ ಮಗನಿಗೇ ಕಾಣುತ್ತದೆ. ಕೂಡಿದರೆ ನಿಮಗೂ ಕಾಣುತ್ತದೆ. ಮಾತು ಬಿಟ್ಟರೆ ಮಾತ್ರ ಯಾರಿಗೂ ಕಾಣುವುದಿಲ್ಲ.

ಹತ್ತನೇ ತರಗತಿಯ ಮಕ್ಕಳಿಗೂ ಒಂದು ಮಾತು. ಪಿಯುಸಿಗೆ ವಿಷಯ ಆರಿಸುವಾಗ ಗೆಳೆಯ ಯಾವುದು ತೆಗೆದುಕೊಂಡ ಎಂದು ನೋಡಬೇಡಿ. ಮನಸ್ಸು ಇನ್ನೂ ಎರಡು ಕಡೆ ಇದ್ದರೆ ಗಣಿತವೂ ಜೀವಶಾಸ್ತ್ರವೂ ಇರುವ ಪಿಸಿಎಂಬಿ ಎರಡು ಬಾಗಿಲನ್ನೂ ತೆರೆದಿಡುತ್ತದೆ. ಓದಿನ ಹೊರೆ ಹೆಚ್ಚು, ಅದನ್ನೂ ತಿಳಿದೇ ಆರಿಸಿ. ನಿಮ್ಮ ಮನೆಯಲ್ಲೂ ಯಾರಾದರೂ ಕೆಲಸ ಬದಲಿಸಿದ್ದರೆ, ಹಳೆಯ ಕೆಲಸದ ಯಾವ ಪಾಠ ಹೊಸದರಲ್ಲಿ ಉಪಯೋಗಕ್ಕೆ ಬಂತು ಎಂದು ಕೇಳಿ ನನಗೆ ಬರೆಯಿರಿ. ಮುಂದಿನ ವಾರ ಸಿಗೋಣ.